ನಲವತ್ತಮೂರು ಸಲ ಒತ್ತಿದರೆ

ಗ್ರಂಥಾಲಯದ ಹೊಸ ವೆಬ್‌ಪುಟ ಮಾಡಿದವನು ತನ್ನ ತಂಗಿಯ ಮಗ ಎಂದು ದೊಡ್ಡಮ್ಮ ಹೇಳಿಕೊಳ್ಳದ ಮನೆಯೇ ಬೀದಿಯಲ್ಲಿ ಉಳಿದಿರಲಿಲ್ಲ. ಅವಳಿಗೆ ಕಣ್ಣು ಕಾಣದು. ಕಂಪ್ಯೂಟರು ಗಟ್ಟಿಯಾಗಿ ಓದಿ ಹೇಳಿದ್ದನ್ನು ಕೇಳಿಕೊಂಡೇ ಅವಳ ಕೆಲಸವೆಲ್ಲ.

ಪುಟಕ್ಕೆ ತಿಂಗಳು ತುಂಬಿದ ದಿನ ಗ್ರಂಥಪಾಲಕಿ ಓದುಗರನ್ನೆಲ್ಲ ಸೇರಿಸಿ ದೊಡ್ಡಮ್ಮನನ್ನೇ ಮುಂದೆ ಕೂರಿಸಿದರು. "ಒಂದು ಪುಸ್ತಕ ಕಾಯ್ದಿರಿಸಿ ತೋರಿಸಿ, ಅಮ್ಮ."

ತಂಗಿಯ ಮಗ ಅವಳ ಕುರ್ಚಿಯ ಹಿಂದೆ ಎದೆಯುಬ್ಬಿಸಿ ನಿಂತಿದ್ದ. ದೊಡ್ಡಮ್ಮ ಕೆಳಬಾಣದ ಕೀಯನ್ನು ಟಕಟಕ ಒತ್ತತೊಡಗಿದಳು. ತುಟಿ ಅಲುಗುತ್ತಿತ್ತು. ಅವನು ಬಗ್ಗಿ ಕಿವಿಗೊಟ್ಟ.

"ನಲವತ್ತೊಂದು... ನಲವತ್ತೆರಡು..."

ಬಟನ್ ಎಷ್ಟನೇ ಒತ್ತಿಗೆ ಸಿಗುತ್ತದೆಂದು ಅವಳು ಬಾಯಿಪಾಠ ಮಾಡಿಕೊಂಡಿದ್ದಳು. ಬೇರೆ ಪುಟಗಳಲ್ಲಿ ಅವಳು ಒಂದೇ ಕೀ ಒತ್ತಿ ಹೆಡಿಂಗಿನಿಂದ ಹೆಡಿಂಗಿಗೆ ಹಾರುವುದನ್ನು ಅವನು ಎಷ್ಟೋ ಸಲ ನೋಡಿದ್ದ. ತನ್ನ ಪುಟದಲ್ಲಿ ಕಂಪ್ಯೂಟರು ಗುರುತಿಸುವ ಹೆಡಿಂಗೇ ಇರಲಿಲ್ಲ, ಬರೀ ದಪ್ಪ ಅಕ್ಷರವಿತ್ತು. ಬಟನ್ ಇರಲಿಲ್ಲ, ಬಣ್ಣ ಬಳಿದ ಡಿವ್ ಇತ್ತು. ಎಲ್ಲವೂ ಡಿವ್‌ಗಳೇ, ತಾನು ಏನೆಂದು ಕಂಪ್ಯೂಟರಿಗೆ ಹೇಳದ ಹೆಸರಿಲ್ಲದ ಪೆಟ್ಟಿಗೆಗಳು. ಕಣ್ಣಿಗೆ ಚೆಂದ, ಕಿವಿಗೆ ಒಂದೇ ರಾಶಿ. ಮೇಲೆ ಥಳಕು, ಒಳಗೆ ಹುಳುಕು.

ನಲವತ್ತಮೂರಕ್ಕೆ ದೊಡ್ಡಮ್ಮ ಎಂಟರ್ ಒತ್ತಿದಳು. ಆದರೆ ಗ್ರಂಥಪಾಲಕಿ ಬೆಳಿಗ್ಗೆಯಷ್ಟೇ ಪುಟದ ಮೇಲ್ತುದಿಗೆ ರಜೆಯ ಸೂಚನೆಯ ಎರಡು ಸಾಲು ಸೇರಿಸಿದ್ದರು. ಎಣಿಕೆ ತಪ್ಪಿತ್ತು.

"ನಿಮ್ಮ ಹಿಂದಿನ ಕಾಯ್ದಿರಿಸುವಿಕೆ ರದ್ದಾಗಿದೆ," ಎಂದಿತು ಕಂಪ್ಯೂಟರು. ಆ ಪುಸ್ತಕಕ್ಕಾಗಿ ಅವಳು ಮೂರು ವಾರದಿಂದ ಕಾದಿದ್ದಳು.

"ಅಜ್ಜಿ, ಬೇಲಿ ಕಟ್ಟೋಕೆ ಹೋಗಿ ಬೆಳೇನೇ ಕಿತ್ತುಬಿಟ್ರಿ!" ಯಾರೋ ಅಂದರು. ಸಭೆ ನಕ್ಕಿತು.

"ಪುಟ ಚಿನ್ನದಂಥದ್ದು ಕಣ್ರಪ್ಪಾ, ನನ್ನ ಬೆರಳಿಗೇ ಬುದ್ಧಿಯಿಲ್ಲ," ಅಂದಳು ದೊಡ್ಡಮ್ಮ.

ತಪ್ಪು ನನ್ನದು ಎನ್ನಲು ಅವನು ಬಾಯಿ ತೆರೆದ. ಬಂದದ್ದು ಮಾತಲ್ಲ, ನಗು. ಎಲ್ಲರ ಜೊತೆ ತಾನೂ ನಕ್ಕುಬಿಟ್ಟಿದ್ದ.

ಮನೆಗೆ ಬಂದವನು ಬೂಟನ್ನೂ ಬಿಚ್ಚದೆ ಕೂತು, ಡಿವ್‌ಗಳನ್ನು ಒಂದೊಂದಾಗಿ ಕಿತ್ತು, ಹೆಡಿಂಗನ್ನು ಹೆಡಿಂಗಾಗಿ, ಬಟನ್ನನ್ನು ಬಟನ್ನಾಗಿ ಬರೆದ. "ಈಗ ನೋಡು ದೊಡ್ಡಮ್ಮಾ."

ಅವಳು ಒಂದು ಕೀ ಒತ್ತಿದಳು. "ಹೆಡಿಂಗ್: ಪುಸ್ತಕ ಕಾಯ್ದಿರಿಸಿ." ಇನ್ನೊಂದು ಒತ್ತಿದಳು. "ಬಟನ್."

"ಇಷ್ಟು ಸುಲಭನಾ? ಹಾಗಾದ್ರೆ ಮೊದಲೇ ಯಾಕೋ..." ಎಂದವಳು ತಟ್ಟನೆ ಮಾತು ತಡೆದಳು. "ಇರ್ಲಿ ಬಿಡು. ನಾನೇ ದಡ್ಡಿ ಅಂದ್ಕೊಂಡಿದ್ದೆ."

"ನಾಳೆ ಅವರೆಲ್ಲರ ಮುಂದೆ ಹೇಳ್ತೀನಿ, ತಪ್ಪು ನಂದು ಅಂತ."

"ಅಯ್ಯೋ, ಬೇಡ ಕಣೋ ಮಗಾ," ದೊಡ್ಡಮ್ಮ ಅವನ ಕೈ ಹುಡುಕಿ ಹಿಡಿದಳು. "ಬೀದಿಗೆಲ್ಲ ನಿನ್ನ ಹೊಗಳಿ ಬಂದಿದ್ದೀನಿ."