ಪಿಟೀಲಿಗೆ ಪೇಟ

ಅಮೆರಿಕದಿಂದ ನಾಲ್ವರು ಪಿಟೀಲಿನವರೂ ಒಬ್ಬ ಹಾಡುಗಾರ್ತಿಯೂ ಹೊಳೆನರಸೀಪುರದ ಕಲ್ಯಾಣ ಮಂಟಪಕ್ಕೆ ಬಂದರು. ಮೈಕು ಬೇಡವೆಂದರು. ಮನೆಯ ಹಜಾರದಲ್ಲಿ ಹತ್ತಿರ ಕೂತು ಕೇಳುವ ಸಂಗೀತವಂತೆ ಅದು.

ನನ್ನ ಹೆಂಡತಿ ದಾಕ್ಷಾಯಣಿ ಊರ ಮಕ್ಕಳಿಗೆಲ್ಲ ಸಂಗೀತ ಹೇಳಿಕೊಟ್ಟವಳು. ಅವಳ ಬಲಗಿವಿ ಹೋಗಿದೆ. ಎಡಗಿವಿಯೂ ಹೆಚ್ಚು ದಿನ ಉಳಿಯದು ಎಂದು ಹಾಸನದ ಡಾಕ್ಟರು ಹೇಳಿದ್ದಾರೆ. ಒಂದು ಹಾಡನ್ನಾದರೂ ಪೂರ್ತಿ ಕೇಳಬೇಕೆಂದು ಮುಂದಿನ ಸಾಲಿನಲ್ಲಿ ಎಡಗಿವಿಯನ್ನು ವೇದಿಕೆಗೆ ತಿರುಗಿಸಿ ಕೂತಿದ್ದಳು.

ಆದರೆ ನಮ್ಮ ಸಭೆಯ ಅಧ್ಯಕ್ಷರು ಈಶ್ವರಯ್ಯನವರು. ಯಾರಿಗಾದರೂ ಸನ್ಮಾನ ಮಾಡದಿದ್ದರೆ ಅವರಿಗೆ ಉಂಡದ್ದು ಅರಗುವುದಿಲ್ಲ. ಆ ಸಂಗೀತವೋ ಭಾಗ ಭಾಗವಾಗಿ ಸಾಗುವಂಥದ್ದು, ನಡುನಡುವೆ ಒಂದು ಗಳಿಗೆ ನಿಲ್ಲುತ್ತದೆ. ನಿಂತ ಕೂಡಲೇ ಮುಗಿಯಿತೆಂದು ಈಶ್ವರಯ್ಯ ಎದ್ದರು. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಫೋಟೋ. ಪಿಟೀಲಿನವರು ಮತ್ತೆ ನುಡಿಸಿದರು, ಮತ್ತೆ ನಿಲ್ಲಿಸಿದರು. ಮತ್ತೆ ಶಾಲು.

"ಇನ್ನೂ ಮುಗ್ದಿಲ್ಲ ಸಾ, ಕೂತ್ಕಳಿ!" ಎಂದೆ.

"ಅಷ್ಟು ದೂರದಿಂದ ಬಂದವ್ರೆ, ಒಂದೇ ಶಾಲಲ್ಲಿ ಕಳ್ಸಕ್ಕಾಯ್ತದಾ? ಊರ್ ಮರ್ವಾದೆ ಕಣ್ರೀ" ಎಂದರು.

ದೊಡ್ಡ ಪಿಟೀಲಿನವನ ಪೇಟ ಕಣ್ಣಿನ ಮೇಲೆ ಜಾರಿತ್ತು. ಇನ್ನೊಬ್ಬನಿಗೆ ಶಾಲುಗಳ ಭಾರಕ್ಕೆ ಕಮಾನು ಎತ್ತಲಾಗಲಿಲ್ಲ. ಜನ ಅದನ್ನೂ ಸಂಗೀತವೆಂದು ತಿಳಿದು ತಲೆದೂಗಿದರು. ನನಗೆ ಮೈಯೆಲ್ಲ ಉರಿಯಿತು.

ಹಾಡುಗಾರ್ತಿ ಎದ್ದು ಒಂದು ಸಾಲು ಹಾಡಿ ಉಸಿರು ತೆಗೆದುಕೊಂಡಳು, ಅಷ್ಟೇ. ಈಶ್ವರಯ್ಯ ಹಾರ ಹಿಡಿದು ಹೊರಟರು.

ದಾಕ್ಷಾಯಣಿ ಅವರ ಹಿಂದೆಯೇ ವೇದಿಕೆ ಹತ್ತಿದಳು. ಹಾರ ಕಿತ್ತುಕೊಂಡು ಅವರ ಕೊರಳಿಗೇ ಹಾಕಿದಳು. ಪಿಟೀಲಿನವರ ಪೇಟ, ಶಾಲುಗಳನ್ನೆಲ್ಲ ಕಳಚಿ ಈಶ್ವರಯ್ಯನವರಿಗೇ ತೊಡಿಸಿ, ಕುರ್ಚಿಯಲ್ಲಿ ಕೂರಿಸಿ, ತೊಡೆಯ ಮೇಲೆ ಬುಟ್ಟಿ ಇಟ್ಟಳು.

"ಇವತ್ತು ಸನ್ಮಾನ ನಿಮ್ಗೇ ಕಣಣ್ಣ. ಹಾಡು ಮುಗಿಯೋಗಂಟ ಏಳ್ಬಾರ್ದು."

ಸನ್ಮಾನ ಮಾಡಿಸಿಕೊಂಡವರು ನಡುವೆ ಎದ್ದು ಹೋಗುವ ಪದ್ಧತಿ ನಮ್ಮ ಕಡೆ ಇಲ್ಲ. ಈಶ್ವರಯ್ಯ ಕೈಮುಗಿದು, ಕಣ್ಣು ತುಂಬಿಕೊಂಡು, ಅಲುಗಾಡದೆ ಕೂತರು. ಪಾಪ, ಅವರಿಗೆ ಯಾರೂ ಎಂದೂ ಶಾಲು ಹೊದಿಸಿರಲಿಲ್ಲ.

ದಾಕ್ಷಾಯಣಿ ಇಳಿದು ಬಂದು ನನ್ನ ಪಕ್ಕ ಕೂತಳು. ಹಾಡುಗಾರ್ತಿ ಮೊದಲಿನಿಂದ ಹಾಡಿದಳು. ಪದಗಳು ನನಗೆ ಸರಿಯಾಗಿ ತಿಳಿಯಲಿಲ್ಲ. ಮುಗಿದ ಮೇಲೆ ದಾಕ್ಷಾಯಣಿಯ ಕಡೆ ಬಾಗಿ, "ಕೇಳಿಸ್ತೇನೇ?" ಎಂದೆ.

"ಒಂದಕ್ಷರ ಬಿಡ್ದಂಗೆ ಕೇಳಿಸ್ತು ಕಣ್ರೀ. ಇನ್ಮ್ಯಾಕೆ ನಿಮ್ ಮಾತು ಕೇಳಿಸ್ದಿದ್ರೂ ಬ್ಯಾಸ್ರ ಇಲ್ಲ" ಎಂದು ನಕ್ಕಳು.

ನನಗೆ ಬೇಸರವಾಯಿತು. ಅವಳಿಗೆ ಹೇಳಬೇಕಾದದ್ದು ಇನ್ನೂ ಬಹಳ ಇತ್ತು.