ಎಡಗಡೆಯ ಗಂಟೆ

ಬಸ್ಸು ಧೂಳೆಬ್ಬಿಸಿ ಹೋದ ಮೇಲೆ ಕೊಗ್ಗ ಬೇವಿನ ಮರದ ಕೆಳಗೆ ಪೆಟ್ಟಿಗೆ ಇಟ್ಟು ಕಣ್ಣು ಮುಚ್ಚಿ ನಿಂತ. ಕಣ್ಣು ತೆರೆದರೆ ಅದು ಗುರುತಿಲ್ಲದ ತಮಿಳು ಹಳ್ಳಿ. ಮುಚ್ಚಿದರೆ ಎಲ್ಲವೂ ಗೊತ್ತು. ಬಲಗಡೆ ಎಲ್ಲೋ ಬಾವಿಯ ಮೋಟಾರು ಎರಡು ಸಲ ಕೆಮ್ಮಿ, ಆಮೇಲೆ ಒಂದೇ ಸಮನೆ ಓಡತೊಡಗಿತು. ಅದರಾಚೆ ನವಿಲು ಕೂಗಿತು. ತಾಳೆಮರದ ಒಣಗರಿಗಳು ಗಾಳಿಗೆ ಒಂದಕ್ಕೊಂದು ಉಜ್ಜಿಕೊಂಡವು. ಮಸ್ಕತ್ತಿನ ಕೋಣೆಯಲ್ಲಿ ಮಲಗಿ ನಾಲ್ಕು ವರ್ಷ ಕ್ಯಾಸೆಟ್ಟಿನಲ್ಲಿ ಕೇಳಿದ ಸದ್ದುಗಳೇ ಇವು. ಒಂದು ಮಾತ್ರ ಕೇಳಲಿಲ್ಲ, ಎತ್ತಿನ ಗಂಟೆ. ಹೊಲಕ್ಕೆ ಹೋಗಿರಬೇಕು ಅಂದುಕೊಂಡು ಅವನು ಪೆಟ್ಟಿಗೆಯನ್ನು ಹೆಗಲಿಗೇರಿಸಿದ.

ಆ ಕೋಣೆ ಇದ್ದದ್ದು ಅಲ್ ಹೈಲಿನಲ್ಲಿ, ಒಂದು ದೊಡ್ಡ ಮನೆಯ ಹಿಂದೆ, ನೀರಿನ ತೊಟ್ಟಿಯ ಪಕ್ಕದಲ್ಲಿ. ಕೊಗ್ಗ ಕಾಪುವಿನ ಕಡೆಯವನು, ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಜೊತೆಗಿದ್ದ ಸೆಂಗೋಡ ಧಾರಾಪುರದ ಕಡೆಯ ಬೇಸಾಯಗಾರ, ಇಲ್ಲಿ ನಾಲ್ಕಾರು ಮನೆಗಳ ತೋಟಕ್ಕೆ ನೀರು ಬಿಡುತ್ತಿದ್ದ. ಇಬ್ಬರ ನಡುವಿನ ಮಾತು ಅರ್ಧ ತಮಿಳು, ಕಾಲು ಕನ್ನಡ, ಉಳಿದದ್ದು ಬಾಯಿಗೆ ಬಂದದ್ದು. ಕೊಗ್ಗನ ಎಡಗಾಲು ಹಿಂದೆ ಯಾವಾಗಲೋ ಮುರಿದು ಕೂಡಿದ್ದು, ನಡೆಯುವಾಗ ಸ್ವಲ್ಪ ಎಳೆಯುತ್ತಿತ್ತು. ಅಂಗಳದ ಜಲ್ಲಿಯ ಮೇಲೆ ಆ ಹೆಜ್ಜೆ ಕೇಳಿದರೆ ಸಾಕು, ತಲೆ ಎತ್ತಿ ನೋಡದೆಯೇ ಸೆಂಗೋಡ ಚಹಾಕ್ಕೆ ನೀರಿಡುತ್ತಿದ್ದ.

ಎಂಬತ್ತೇಳು ಎಂಬತ್ತೆಂಟರ ಮಾತು ಅದು. ಫೋನು ದುಬಾರಿ, ಕಾಗದ ಓದಲಿಕ್ಕೆ ಇಬ್ಬರಿಗೂ ಕಷ್ಟ. ಸೆಂಗೋಡನ ಮನೆಯವರು ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ, ಊರಿಂದ ಹಿಂತಿರುಗುವವರ ಕೈಯಲ್ಲಿ ಕಳಿಸುತ್ತಿದ್ದರು. ಶುಕ್ರವಾರ ಮಧ್ಯಾಹ್ನ ಉಂಡು, ಬಾಗಿಲು ಎಳೆದುಕೊಂಡು, ಇಬ್ಬರೂ ಕೇಳುತ್ತ ಮಲಗುತ್ತಿದ್ದರು. ಮೊದಲು ಸೆಂಗೋಡನ ತಾಯಿ, ಎಲ್ಲ ಮಾತಿಗೂ ‘ಕಣ್ಣು’, ‘ಸಾಮಿ’ ಸೇರಿಸುವ ಮುದುಕಿ. ಆಮೇಲೆ ಹೆಂಡತಿ ಪಾವಾಯಿ, ಕಡಿಮೆ ಮಾತು. ಮಾತಿನ ಹಿಂದೆಲ್ಲ ಮೋಟಾರು, ನವಿಲು, ತಾಳೆಗರಿಯ ಸದ್ದು. ಕೊನೆಗೆ ಮಾತಿಲ್ಲ. ಕೊಟ್ಟಿಗೆಯ ಅಗುಳಿ ತೆಗೆದ ಸದ್ದು, ಆಮೇಲೆ ಎರಡು ಗಂಟೆಗಳು. ಬಲಗಡೆಯ ಬೂದು ಎತ್ತು ಮಯಿಲೆಯದು ದಪ್ಪ ದನಿ, ಎಡಗಡೆಯ ಕೆಂದ ಸೆವಲೆಯದು ತೆಳು ದನಿ. ಅವು ಓಣಿಯಲ್ಲಿ ದೂರ ದೂರ ಹೋಗಿ, ಹೊಲದ ಗಾಳಿಯಲ್ಲಿ ಕರಗಿಹೋಗುವವು. ಅಷ್ಟರಲ್ಲಿ ಇಬ್ಬರಿಗೂ ನಿದ್ದೆ ಹತ್ತಿರುತ್ತಿತ್ತು. ಕೊಗ್ಗನ ಕನಸಿನಲ್ಲಿ ಕಾಪುವಿನ ಕಡಲಿಗಿಂತ ಆ ಓಣಿಯೇ ಹೆಚ್ಚು ಬರುತ್ತಿತ್ತು.

ಆ ಜೋಡಿಯನ್ನು ಸೆಂಗೋಡ ಕರುಗಳಿಂದ ಸಾಕಿದ್ದ. “ತಂದಾಗ ಎರಡರ ಕೊರಳೂ ನನ್ನ ಮೊಣಕಾಲಷ್ಟೇ ದಪ್ಪ ಇತ್ತು, ಕೊಗ್ಗಣ್ಣ,” ಎಂದು ಆಗಾಗ ಹೇಳುತ್ತಿದ್ದ. ಸಂಜೆ ಬಿಡುವಾದಾಗ ಖರ್ಜೂರದ ಮರದ ನಾರು ಬಿಡಿಸಿ ಅವಕ್ಕೆ ಕೊರಳ ಹಗ್ಗ ಹೊಸೆಯುತ್ತಿದ್ದ. ಅಳತೆಗೆ ಎತ್ತು ಎಲ್ಲಿಂದ ಬರಬೇಕು? ಸುತ್ತಿಟ್ಟ ಹಾಸಿಗೆಯನ್ನೇ ಕೊರಳು ಮಾಡಿಕೊಂಡು, ಅದಕ್ಕೆ ಹಗ್ಗ ತೊಡಿಸಿ, ಎರಡು ಬೆರಳು ತೂರಿಸಿ ನೋಡುತ್ತಿದ್ದ. ಉಸಿರು ಕಟ್ಟಬಾರದು ಎನ್ನುತ್ತಿದ್ದ. ಕೊಗ್ಗ ಹಾಸಿಗೆಗೆ ಹುಲ್ಲು ಹಾಕಬೇಕಾ ಎಂದು ಕೇಳಿ ನಗಿಸುತ್ತಿದ್ದ.

ಎತ್ತುಗಳಿಗೆ ವಯಸ್ಸಾಗುವ ಮೊದಲು ಹೋಗಿ ಉಳಬೇಕು ಎಂಬುದು ಸೆಂಗೋಡನ ಹಟ. ಆದರೂ ವೀಸಾದ ಅವಧಿ ಮುಗಿದಾಗೆಲ್ಲ ಉಳಿಯಲು ಯಾವುದೋ ಒಂದು ನೆಪ ಸಿಗುತ್ತಿತ್ತು. ಒಮ್ಮೆ ಬಾವಿಗೆ ಮೋಟಾರು, ಒಮ್ಮೆ ಮಾಡಿಗೆ ಹಂಚು. ರಜೆಯನ್ನೂ ಬಿಟ್ಟು ಟಿಕೇಟಿನ ಹಣ ಊರಿಗೆ ಕಳಿಸಿದ್ದ. ಈಗ ಮತ್ತೆ ಅವಧಿ ಮುಗಿಯುತ್ತಿತ್ತು. ವೀಸಾ ಕೊಟ್ಟ ಯಜಮಾನ, ಅವರ ಕಫೀಲ್, ಇರುತ್ತೀಯೋ ಹೋಗುತ್ತೀಯೋ ಕೊಗ್ಗ ರಜೆಯಿಂದ ಬರುವಷ್ಟರಲ್ಲಿ ಹೇಳು ಎಂದಿದ್ದ. ಕೊಗ್ಗ ಊರಿಗೆ ಹೊರಟಾಗ ಸೆಂಗೋಡ ಅವನ ಕೈಗೆ ಸೀರೆ, ಟಾರ್ಚು, ಖಾಲಿ ಕ್ಯಾಸೆಟ್ಟು ಕೊಟ್ಟು, “ನನ್ನ ಊರನ್ನು ನೀನಾದರೂ ಕಣ್ಣಿಂದ ನೋಡಿ ಬಾ. ಎತ್ತು ಹೇಗಿವೆ ಹೇಳು. ಆಮೇಲೆ ಕಫೀಲಿಗೆ ಹೇಳ್ತೀನಿ,” ಎಂದಿದ್ದ. ಇರುವ ನಾಲ್ಕು ದಿನ ರಜೆಯಲ್ಲಿ ಪರರ ಊರಿಗೆ ಎಂತಕ್ಕೆ ಎಂದು ಕೊಗ್ಗನ ತಂಗಿ ಕುಸುಮ ಮುಖ ಊದಿಸಿದ್ದಳು.

ಓಣಿ ಅವನಿಗೆ ತಾನಾಗಿಯೇ ದಾರಿ ತೋರಿತು. ಬೆಳ್ಳಗಿನ ತೊಗಟೆಯ ಜಾಲಿಮರಗಳು, ಮುಳ್ಳುಬೇಲಿ, ಬೇಲಿಯಾಚೆ ಕಡಲೆಕಾಯಿಯ ಹಸಿರು. ಮೋಟಾರಿನ ಸದ್ದನ್ನು ಬೆನ್ನಿಗೆ ಬಿಟ್ಟು ನವಿಲಿನ ಕಡೆ ತಿರುಗಿದರೆ ಮನೆ ಇರಬೇಕು. ಇತ್ತು. ಬಾಗಿಲಲ್ಲಿ ಮೊರ ಹಿಡಿದು ನಿಂತ ಹೆಂಗಸು ಪಾವಾಯಿಯೇ ಎಂದು ಅವನಿಗೆ ಖಾತ್ರಿಯಾಯಿತು. ತನಗೆ ಬರುವ ಒಳ್ಳೆಯ ತಮಿಳಿನಲ್ಲಿ ಮಾತಾಡಿಸಿದ.

“ಕಣ್ಣೂ, ಉಂಡೆಯಾ? ಬಿಸಿಲಲ್ಲಿ ತಿರುಗಬೇಡ ಸಾಮಿ, ಮೈ ಒಣಗೀತು.”

ಪಾವಾಯಿ ಮೊದಲು ಬೆಚ್ಚಿದಳು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡಳು. ಒಳಗಿನ ಹಗ್ಗದ ಮಂಚದಿಂದ ಮುದುಕಿಯ ದನಿ ಬಂತು. “ಯಾರದು, ನನ್ನ ಗಂಟಲು ಕದ್ದವನು?”

ನಲವತ್ತು ದಾಟಿದ ಗಂಡಸು ತಮಿಳನ್ನು ಕ್ಯಾಸೆಟ್ಟಿನ ಮುದುಕಿಯಿಂದ ಕಲಿತಿದ್ದ. ಮೀಸೆ ಇಟ್ಟುಕೊಂಡು ಅಜ್ಜಿಯ ಹಾಗೆ ಮಾತಾಡುತ್ತಾನೆ ಎಂದು ಅಕ್ಕಪಕ್ಕದ ಹೆಂಗಸರು ಬಂದು ನೋಡಿ ಹೋದರು. ಮುದುಕಿಗೆ ಮಾತ್ರ ಹೆಮ್ಮೆ. ಅವನನ್ನು ಮಂಚದ ಹತ್ತಿರ ಕೂರಿಸಿಕೊಂಡು, ಮಗನ ಊಟ, ನಿದ್ದೆ, ಕೆಮ್ಮು ಎಲ್ಲ ವಿಚಾರಿಸಿದಳು. ಅವಳ ಮೊಣಕಾಲು ಊದಿಕೊಂಡು ಎದ್ದು ನಡೆಯುವಂತಿರಲಿಲ್ಲ. ಪಾವಾಯಿ ಸಜ್ಜೆಯ ಅಂಬಲಿ, ಸಣ್ಣ ಈರುಳ್ಳಿ, ಕರಿದ ಮಜ್ಜಿಗೆ ಮೆಣಸು ತಂದಿಟ್ಟಳು. ಅಂಬಲಿ ಕುಡಿಯುತ್ತ ಕೊಗ್ಗನಿಗೆ ಒಂದು ಜೋಂಪು ಬಂತು. ಹೊರಗೆ ಗಾಳಿ, ಮೋಟಾರು, ನವಿಲು. ಈಗ ಕಣ್ಣು ತೆರೆದರೆ ಅಲ್ ಹೈಲಿನ ಕೋಣೆಯೋ, ಇದೇ ಮನೆಯೋ ಎಂದು ಅವನಿಗೆ ಗೊತ್ತಾಗಲಿಲ್ಲ.

ಬಿಸಿಲು ಇಳಿದ ಮೇಲೆ ಎತ್ತುಗಳನ್ನು ನೋಡಬೇಕು ಅಂದ. ಪಾವಾಯಿ ಖಾಲಿ ಬಟ್ಟಲು ಎತ್ತಿಕೊಂಡು ಒಲೆಯ ಕಡೆ ಹೋದಳು. ಮುದುಕಿ ಗೋಡೆಯ ಕಡೆ ತಿರುಗಿ ಮಲಗಿದಳು. ಹಿತ್ತಿಲಿಗೆ ಅವನೇ ನಡೆದುಹೋದ.

ಕೊಟ್ಟಿಗೆ ಗುಡಿಸಿ ಸಾರಿಸಿತ್ತು. ಎರಡು ಗೂಟಗಳು ಇದ್ದವು, ಗೋದಲಿ ಇತ್ತು, ಗೋದಲಿಯಲ್ಲಿ ಹುಲ್ಲಿನ ಒಂದು ಎಸಳೂ ಇರಲಿಲ್ಲ. ಗೋಡೆಯ ಮೊಳೆಯಲ್ಲಿ ಎರಡು ಗಂಟೆಗಳು ನೇತಾಡುತ್ತಿದ್ದವು, ಒಂದು ದಪ್ಪ, ಒಂದು ತೆಳು. ಎರಡಕ್ಕೂ ಅರಿಶಿನ ಹಚ್ಚಿತ್ತು. ಕೊಗ್ಗ ಬೆರಳಿಂದ ತೆಳುವಾದದ್ದನ್ನು ತಟ್ಟಿದ. ಸೆವಲೆ ಅವನ ಪಕ್ಕದಲ್ಲೇ ತಲೆ ಕೊಡವಿದಂತಾಯಿತು. ಅವನು ಕೈಯನ್ನು ಹಿಂದಕ್ಕೆಳೆದುಕೊಂಡ.

ಬೆನ್ನ ಹಿಂದೆ ಬಂದು ನಿಂತ ಪಾವಾಯಿ ಮೆಲ್ಲಗೆ ಎಲ್ಲವನ್ನೂ ಹೇಳಿದಳು. ಸೆವಲೆಗೆ ಮೇಯುವಾಗ ಹಾವು ಮುಟ್ಟಿತ್ತು. ಅದು ಸತ್ತು ಎರಡು ಪೊಂಗಲ್ ಹಬ್ಬ ಕಳೆದಿದ್ದವು. ಜೋಡಿ ಒಡೆದ ಮೇಲೆ ಮಯಿಲೆ ಬೇರೆ ಎತ್ತಿನ ಜೊತೆ ನೊಗಕ್ಕೆ ಬರಲಿಲ್ಲ, ಹುಲ್ಲಿಗೆ ಬಾಯಿ ಹಾಕಲಿಲ್ಲ. ಅವಳ ಅಣ್ಣ ಬಂದು ತನ್ನ ಊರಿಗೆ ಹೊಡೆದುಕೊಂಡು ಹೋದ. ಅಲ್ಲಿಂದಾಚೆ ಕ್ಯಾಸೆಟ್ಟು ತುಂಬಿಸುವ ದಿನ ಅತ್ತೆ ಸೊಸೆ ಗಂಟೆ ಹಿಡಿದು ಓಣಿಯಲ್ಲಿ ನಡೆಯುತ್ತಿದ್ದರು. ಬಲಗಡೆ ಅವಳು, ಎಡಗಡೆ ಅತ್ತೆ. ಹೊಲವನ್ನು ಬಾಡಿಗೆ ಟ್ರಾಕ್ಟರಿನಲ್ಲಿ ಉಳುಮೆ ಮಾಡಿಸುತ್ತಿದ್ದರು, ಬೆಳೆಗೇನೂ ಕೊರತೆ ಇರಲಿಲ್ಲ.

“ಎತ್ತಿಗೋಸ್ಕರ ಅಲ್ಲ ಅಣ್ಣಾ, ಅಳೋದಾದರೆ ನಾವೇ ಅತ್ತು ಮುಗಿಸಿದ್ದೀವಿ,” ಅಂದಳು. “ಇಲ್ಲ ಅಂತ ಗೊತ್ತಾದರೆ ಅವರು ಏನಂತಾರೆ ಹೇಳಲಾ? ಹೊಸ ಜೋಡಿ ಕೊಳ್ಳೋಷ್ಟು ದುಡಿದು ಬರ್ತೀನಿ, ಇನ್ನೆರಡು ವರ್ಷ ಅಂತಾರೆ. ಎರಡು ವರ್ಷ ಅಂದರೆ ನಾಲ್ಕು. ನನಗೆ ಜೋಡಿ ಬೇಡ. ಇದೊಂದು ಗಂಟೆ ಸದ್ದಿಗಾದರೂ ಅವರು ಬಂದುಬಿಡಲಿ. ಬಂದ ಮೇಲೆ ಬೈಲಿ, ಹೊಡೀಲಿ.”

ಆಮೇಲೆ ಕೇಳಿದಳು. “ನೀವು ಹೇಳಿಬಿಡ್ತೀರಾ?”

ನಾಲ್ಕು ವರ್ಷ ಒಂದೇ ತಟ್ಟೆಯಲ್ಲಿ ಉಂಡವನಿಗೆ ಸುಳ್ಳು ಹೇಳುವುದು ಹೇಗೆ ಎಂಬ ಯೋಚನೆ ಕೊಗ್ಗನಿಗೆ ಒಂದು ಕಡೆ. ಇನ್ನೊಂದು ಕಡೆ ಈ ಸಾರಿಸಿದ ನೆಲ.

ಬೆಳಗಾಗುವಾಗ ಟೇಪ್ ರೆಕಾರ್ಡರನ್ನು ಕೊಟ್ಟಿಗೆಯ ಕಟ್ಟೆಯ ಮೇಲಿಟ್ಟರು. ಮುದುಕಿ ಮಂಚದಿಂದಲೇ ಮಾತಾಡಿದಳು, ಪಾವಾಯಿ ಎರಡು ಮಾತಾಡಿದಳು. ಗಂಟೆಯ ಸರದಿ ಬಂದಾಗ ಪಾವಾಯಿ ದಪ್ಪದ್ದನ್ನು ತಾನು ತೆಗೆದುಕೊಂಡು, ತೆಳುವಾದದ್ದನ್ನು ಹಿಡಿದು ಸುಮ್ಮನೆ ನಿಂತಳು. ಎಡಗಡೆಗೆ ನಡೆಯಬೇಕಾದ ಅತ್ತೆ ಮಂಚದಿಂದ ಏಳುವಂತಿರಲಿಲ್ಲ. ಕೊಗ್ಗನೇ ಕೈ ಚಾಚಿದ. ಪಾವಾಯಿಯ ಕಣ್ಣು ತುಂಬಿದ್ದನ್ನು ನೋಡಬಾರದೆಂದು ಓಣಿಯ ಕಡೆ ನೋಡುತ್ತ ನಿಂತ.

“ಸೆವಲೆ ಸೋಮಾರಿ. ಅರ್ಧ ಹೆಜ್ಜೆ ಹಿಂದೆ ಬರಬೇಕು,” ಎಂದು ಅವಳು ಪಿಸುಗುಟ್ಟಿದಳು.

ಬಾಗಿಲಿನಿಂದ ಮಂಚದ ಮೇಲಿನವಳಿಗೂ ಕಾಣುತ್ತಿತ್ತು. “ಪೂಜಾರಿ ಹಾಗೆ ಆಡಿಸಬೇಡ ಸಾಮಿ,” ಅಂದಳು. “ಎತ್ತಿಗೆ ಕೈ ಎಲ್ಲಿದೆ? ಕೊರಳ ಹತ್ತಿರ ಇಟ್ಟುಕೋ. ನಡೆದರೆ ಅದೇ ಆಡ್ತದೆ.”

ಅಗುಳಿ ಸರಿದ ಸದ್ದಾಯಿತು. ಕೊಗ್ಗ ಗಂಟೆಯನ್ನು ಗಂಟಲ ಕೆಳಗೆ ಹಿಡಿದು ನಡೆದ. ನೆಲ ಇಬ್ಬನಿಗೆ ತಣ್ಣಗಿತ್ತು, ಮಣ್ಣು ಮೆತ್ತಗಿತ್ತು. ಪಕ್ಕದಲ್ಲಿ ದಪ್ಪ ಗಂಟೆ, ತನ್ನ ಎದೆಯ ಮೇಲೆ ತೆಳು ಗಂಟೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವನ ಹೆಗಲು ತಾನಾಗಿಯೇ ಬಾಗಿತು, ಕತ್ತು ಮುಂದಕ್ಕೆ ಬಂತು. ಬೇಲಿಯ ಹಸಿ ವಾಸನೆ ಮೂಗಿಗೆ ಹಿತವಾಯಿತು. ಇಷ್ಟು ವರ್ಷ ತಾನು ಕೇಳುತ್ತಲೇ ಬಂದ ಓಣಿ ಈಗ ತನ್ನನ್ನು ಕೇಳಿಸಿಕೊಳ್ಳುತ್ತಿದೆ ಅನಿಸಿತು. ಓಣಿಯ ತುದಿಯಲ್ಲಿ ಪಾವಾಯಿ ನಿಂತಳು. ಅವನು ಇನ್ನೂ ನಡೆಯುತ್ತಲೇ ಇದ್ದ. ಅವಳು ಗಂಟೆಯ ನಾಲಗೆಯನ್ನು ಮುಷ್ಟಿಯಲ್ಲಿ ಹಿಡಿದು, ಸಾಕು ಅಣ್ಣಾ, ಇನ್ನು ಕೇಳಿಸುವುದಿಲ್ಲ ಅಂದಳು.

ಮಸ್ಕತ್ತಿಗೆ ಅವನು ಬಂದಿಳಿದದ್ದು ಗುರುವಾರ. ಸೆಂಗೋಡ ಸೀರೆಯ ಸುದ್ದಿ ಕೇಳಿದ, ತಾಯಿಯ ಕಾಲಿನ ಸುದ್ದಿ ಕೇಳಿದ. ಎತ್ತಿನ ಸುದ್ದಿಗೆ ಬಂದಾಗ ಕೊಗ್ಗ ಪೆಟ್ಟಿಗೆಯ ಬೀಗ ತೆಗೆಯಲು ಬಾಗಿದ. ವಿಮಾನದಲ್ಲಿ ಎರಡು ತರಹದ ಉತ್ತರ ಜೋಡಿಸಿಕೊಂಡು ಬಂದಿದ್ದ, ಎರಡೂ ಮರೆತುಹೋದವು.

“ನೀನೇ ಕೇಳು ಮಾರಾಯಾ. ಕ್ಯಾಸೆಟ್ಟು ಉಂಟಲ್ಲ,” ಅಂದ.

ಶುಕ್ರವಾರ ಉಂಡು ಬಾಗಿಲು ಎಳೆದುಕೊಂಡರು. ಮುದುಕಿ ಮಾತಾಡಿದಳು. ಪಾವಾಯಿ, ಹುಷಾರಾಗಿ ಬನ್ನಿ, ಅಂದಳು. ಅಗುಳಿ ಸರಿಯಿತು. ಸೆಂಗೋಡ ಕಣ್ಣು ಮುಚ್ಚಿ ಮಲಗಿದ್ದ. ಕೊಗ್ಗ ಗೋಡೆಯ ಕಡೆ ತಿರುಗಿದ್ದ. ಗಂಟೆಗಳು ಓಣಿಯಲ್ಲಿ ದೂರ ಹೋಗಿ ಕರಗಿದವು. ಟೇಪು ಒಂದೇ ಸಮನೆ ಸುಯ್‌ಗುಟ್ಟಿತು.

ಸೆಂಗೋಡ ಎದ್ದು ಕೂತು ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ, ಗಂಟೆಯ ಭಾಗವನ್ನು ಇನ್ನೊಮ್ಮೆ ಕೇಳಿದ. ಈ ಸಲ ಕಣ್ಣು ತೆರೆದಿತ್ತು. ಬಾಗಿಲ ಬಳಿ ಕೊಗ್ಗನ ಚಪ್ಪಲಿಗಳಿದ್ದವು, ಎಡಗಾಲಿನದು ತುದಿಯಲ್ಲಿ ಸವೆದದ್ದು. ಅವನು ಅದನ್ನೇ ನೋಡುತ್ತಿದ್ದ.

“ಸೆವಲೆ ಕಾಲೆಳೀತಾನೆ ಕೊಗ್ಗಣ್ಣ,” ಅಂದ.

“ವಯಸ್ಸಾಯ್ತಲ್ಲ,” ಅಂದ ಕೊಗ್ಗ, ಗೋಡೆಗೇ.

“ಹೂಂ. ಮೀಸೆ ನೆರೆತಿರಬೇಕು.”

ಹೊರಗೆ ತೊಟ್ಟಿ ತುಂಬಿ ನೀರು ಜಲ್ಲಿಯ ಮೇಲೆ ಸುರಿಯುತ್ತಿತ್ತು. ಸೆಂಗೋಡ ಹೋಗಿ ನಲ್ಲಿ ನಿಲ್ಲಿಸಿ ಬಂದ. ಮುಖ ತೊಳೆದುಕೊಂಡಿದ್ದ. ಸ್ಟೌವ್ ಹಚ್ಚಿ ಚಹಾಕ್ಕೆ ನೀರಿಟ್ಟ.

“ನಾಳೆ ಕಫೀಲಿಗೆ ಹೇಳಬೇಕು.”

“ಎಂತ ಹೇಳ್ತಿ?”

“ಖಲಾಸ್ ಅಂತ. ಸಾಕು, ಮನೆಗೆ ಹೋಗ್ತೀನಿ.”

ಕೊಗ್ಗ ಮೆಲ್ಲಗೆ ಈ ಕಡೆ ಹೊರಳಿದ. ಸೆಂಗೋಡ ಮೊಳೆಯಿಂದ ಕೊರಳ ಹಗ್ಗವನ್ನು ತೆಗೆದುಕೊಂಡು ನೆಲದ ಮೇಲೆ ಕೂತಿದ್ದ. ಸುತ್ತಿಟ್ಟ ಹಾಸಿಗೆಯ ಹತ್ತಿರ ಹೋಗಲಿಲ್ಲ. ಗಂಟು ಬಿಚ್ಚಿ, ಹಗ್ಗವನ್ನು ತನ್ನ ಮೊಣಕಾಲಿಗೆ ಸುತ್ತಿದ. ಎರಡು ಬೆರಳು ತೂರಿಸಿ ನೋಡಿದ. ಆಮೇಲೆ ಲುಂಗಿಯಂಚಿನಿಂದ ಕೈ ಒರೆಸಿಕೊಂಡು, ಕರುವಿನ ಕೊರಳಿನ ಆ ಅಳತೆಗೆ ಹೊಸ ಗಂಟು ಹಾಕತೊಡಗಿದ.