ಕುಪ್ಪಳಿಸುವ ಫಿಯೆಟ್

ಆ ಕಾರನ್ನು ಗುಜರಿಗೆ ಹಾಕಿ ಎಂದು ನಾನು ಹೇಳಿದ್ದು ಒಂದು ಸಲವೇ, ಎರಡು ಸಲವೇ? ಜಯನಗರದ ನಮ್ಮ ಬೀದಿಯ ಕಾಗೆಗಳಿಗೂ ಅದು ಬಾಯಿಪಾಠವಾಗಿದೆ. ನಮ್ಮ ಯಜಮಾನರಿಗೆ ಮಾತ್ರ ಕೇಳಿಸಿಲ್ಲ. ಹೆಸರು ಶ್ರೀನಿವಾಸ, ಎಲ್ಲರ ಬಾಯಲ್ಲೂ ಸೀನು. ವಯಸ್ಸು ಎಪ್ಪತ್ತು ದಾಟಿದರೂ ಬೆಳಿಗ್ಗೆ ಕಾಫಿ ಕುಡಿದ ಕೂಡಲೇ ಶೆಡ್ಡಿಗೆ ಹೋಗಿ ಆ ಫಿಯೆಟ್ಟನ್ನು ಒರೆಸಬೇಕು.

ಕಾರು ಬಂದಾಗ ಸಾಧುವಾಗಿಯೇ ಇತ್ತು. ಕೆಡಿಸಿದ್ದು ಇವರು. ಮದುವೆಯಾದ ಹೊಸದರಲ್ಲಿ ಅದರ ಇಂಜಿನ್ ಕಿತ್ತು ದೊಡ್ಡದೊಂದನ್ನು ಕೂರಿಸಿದರು. ಹಿಂದಿನ ಅಚ್ಚನ್ನು ಹೊರುವ ಕಮಾನು ಪಟ್ಟಿಗಳು ಅಷ್ಟು ಶಕ್ತಿ ತಡೆಯುತ್ತವೆಯೇ? ಜೋರಾಗಿ ಹೊರಡಲು ಕ್ಲಚ್ ಬಿಟ್ಟರೆ ಪಟ್ಟಿ ತಿರುಚಿಕೊಳ್ಳುತ್ತಿತ್ತು. ಚಕ್ರ ನೆಲವನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿದು, ಕಾರಿನ ಹಿಂಭಾಗ ದಡಬಡ ಕುಪ್ಪಳಿಸುತ್ತಿತ್ತು. ಆಗೆಲ್ಲ ಊರಾಚೆಯ ಹಳೇ ರನ್‌ವೇಯಲ್ಲಿ ಭಾನುವಾರ ಪಂದ್ಯ. ಇವರು ಹೊರಡುವ ಸರದಿ ಬಂದರೆ ಸಾಕು, "ಕಪ್ಪೆ ಬಂತು, ಕಪ್ಪೆ!" ಎಂದು ಜನ ಕೇಕೆ ಹಾಕುತ್ತಿದ್ದರು. ನಾನೂ ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದೆ. ಸೋತು ಬಂದವರಿಗೆ ಪುಳಿಯೋಗರೆ ಡಬ್ಬಿ ತೆಗೆದುಕೊಡುತ್ತಿದ್ದೆ. ಮೈಯೆಲ್ಲ ಧೂಳು, ಕೈಯೆಲ್ಲ ಗ್ರೀಸು, ಹೊಟ್ಟೆ ತುಂಬ ಹಸಿವು. ಅಯ್ಯೋ, ಎಷ್ಟು ಚೆನ್ನಾಗಿದ್ದ ದಿನಗಳು ಅವು!

ಹೋದ ಡಿಸೆಂಬರಿನಲ್ಲಿ ಕಣ್ಣಿನ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಇವರ ಕಣ್ಣಿನೊಳಗಿನ ಒತ್ತಡ ಏರಿ ನರ ಸಾಯುತ್ತಿದೆ, ಪಕ್ಕದ ನೋಟ ಆಗಲೇ ಹೋಗಿದೆ, ಉಳಿದದ್ದೂ ಮೆಲ್ಲಗೆ ಹೋಗುತ್ತದೆ. "ರಸ್ತೆಗೆ ಕಾರು ತೆಗೀಲೇಬೇಡಿ. ಖಾಲಿ ಮೈದಾನದಲ್ಲಿ, ಪಕ್ಕದಲ್ಲಿ ಒಬ್ರು ಇದ್ರೆ, ಸಂಕ್ರಾಂತಿವರೆಗೂ ಆಸೆ ತೀರಿಸ್ಕೊಳ್ಳಿ. ಆಮೇಲೆ ಅದೂ ಬೇಡ."

ಎರಡು ದಿನ ಇವರು ಶೆಡ್ಡಿನ ಕಡೆಗೇ ಹೋಗಲಿಲ್ಲ. ಮೂರನೆಯ ದಿನ ನಾನು ಹುರುಳಿಕಾಯಿ ಸೋಸುತ್ತಿದ್ದಾಗ ಪಕ್ಕದಲ್ಲಿ ಬಂದು ಕೂತರು.

"ಸೀತೂ, ಒಂದೇ ಒಂದ್ಸಲ ಅದು ಕುಪ್ಪಳಿಸ್ದೆ ಹೊರಡ್ಬೇಕು ಕಣೆ. ನನ್ನ ಕೈಯಲ್ಲೇ. ಆಮೇಲೆ ಗುಜರಿಗೆ ಬೇಕಾದ್ರೂ ಹಾಕು."

ನಾನು ಹುರುಳಿಕಾಯಿ ಪಕ್ಕಕ್ಕಿಟ್ಟು ಕ್ಯಾಲೆಂಡರ್ ತಂದೆ.

ಸಂಕ್ರಾಂತಿಗೆ ಮುಂಚಿನ ಭಾನುವಾರ ಹಳೇ ಕಾರುಗಳ ಸಂಘದವರು ಹೊಸೂರು ರಸ್ತೆಯಾಚೆ ಪಂದ್ಯಕ್ಕೆಂದು ಒಂದು ರನ್‌ವೇ ಬಾಡಿಗೆಗೆ ಹಿಡಿದಿದ್ದರು. ಅದೊಂದೇ ಅವಕಾಶ. ಹಿಂದಿನ ದಿನ, ಶನಿವಾರ ಬೆಳಕು ಹರಿಯುತ್ತಲೇ ಗುರುಬಸಪ್ಪನವರು ಹಾಜರಾದರು. ತಿಲಕ್ ನಗರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು, ಆ ಕಾಲದಿಂದಲೂ ಇವರ ಪಂದ್ಯದ ಜೊತೆಗಾರ. ಗಟ್ಟಿ ಶಾಕ್ ಅಬ್ಸಾರ್ಬರ್, ಪಟ್ಟಿಯ ತುದಿಗೆ ಹಾಕುವ ರಬ್ಬರ್ ಬುಷ್ ಎರಡು ಸೆಟ್, ಹಿಂದಿನ ಅಚ್ಚು ತಿರುಚಿಕೊಳ್ಳದಂತೆ ಕಾರಿನ ತಳದ ಚೌಕಟ್ಟಿಗೆ ಹಿಡಿದು ಕಟ್ಟುವ ಕಬ್ಬಿಣದ ಕಂಬಿ, ಎಲ್ಲ ತಂದಿದ್ದರು. ಕಾರನ್ನು ಜಾಕಿನ ಮೇಲೆ ಎತ್ತಿ, ಸ್ಟ್ಯಾಂಡ್ ಕೊಟ್ಟು, ಇಬ್ಬರು ಮುದುಕರೂ ಅಡಿಗೆ ತೂರಿದರು.

ಶನಿವಾರ ಒಂಬತ್ತಕ್ಕೆ ರಾಹುಕಾಲ. ನಾನು ಬಿಡುತ್ತೇನೆಯೇ? "ಒಂಬತ್ರೊಳಗೆ ಎಲ್ಲಾ ಬಿಗಿದು ಮುಗಿಸ್ರೀ! ರಾಹುಕಾಲದಲ್ಲಿ ಒಂದು ನಟ್ಟೂ ಮುಟ್ಟಕೂಡ್ದು" ಎಂದು ಗಡಿಯಾರ ಹಿಡಿದು ನಿಂತೆ.

"ಅತ್ತಿಗೆ ಹೇಳೋದು ಸರಿ, ಬೇಗ್ ಬೇಗ ಬಿಗಿಯೋ ಸೀನು" ಎಂದರು ಗುರುಬಸಪ್ಪ. ಅವರು ರಾಹುಕಾಲ ನೋಡದೆ ಅಂಗಡಿ ಬಾಗಿಲನ್ನೇ ತೆಗೆಯುವವರಲ್ಲ. ಒಂಬತ್ತು ಹೊಡೆಯುವಷ್ಟರಲ್ಲಿ ಎಲ್ಲ ಬಿಗಿದಾಯಿತು. ಕಂಬಿಗೆ ಕುಂಕುಮವನ್ನೂ ಇಟ್ಟೆ.

ಮಧ್ಯಾಹ್ನ ಗುರುಬಸಪ್ಪನವರೇ ಕಾರನ್ನು ಜೆ.ಪಿ. ನಗರದ ಕೊನೆಯ ಖಾಲಿ ಲೇಔಟಿಗೆ ಒಯ್ದರು. ಅಲ್ಲಿ ಕ್ಲಚ್ ಬಿಟ್ಟರು ನೋಡಿ, ದಡಬಡ, ದಡಬಡ! ಜೊತೆಗೆ ಎಂದೂ ಇಲ್ಲದ ಲೊಟಕ್ ಸದ್ದು ಬೇರೆ. ಹಿಂದಿನ ಸೀಟಿನಲ್ಲಿದ್ದ ನನ್ನ ತಲೆ ಕಾರಿನ ಚಾವಣಿಗೆ ಬಡಿಯಿತು.

"ಟೈರ್ ಸರಿ ಇಲ್ಲ" ಎಂದರು ಗುರುಬಸಪ್ಪ.

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಇಳೀರಿ ಕೆಳಗೆ!" ಎಂದು ಗದರಿದೆ.

ಇವರು ಮಾತ್ರ ಆಗಲೇ ಕಾರಿನಿಂದಿಳಿದು ಫುಟ್‌ಪಾತಿನ ಕಲ್ಲಿನ ಮೇಲೆ ಕೂತುಬಿಟ್ಟಿದ್ದರು. ಆ ಮುಖ ನೋಡಿ ನನ್ನ ಕೋಪ ಜರ್ರನೆ ಇಳಿಯಿತು. ಅಷ್ಟರಲ್ಲೇ ಹಣೆ ಚಚ್ಚಿಕೊಂಡರು. "ಚಕ್ರ ಗಾಳಿಯಲ್ಲಿ ನೇತಾಡ್ತಿರುವಾಗ್ಲೇ ಬುಷ್ ಬಿಗಿದುಬಿಟ್ವಿ ಕಣೋ ಗುರು! ಕಾರಿನ ಭಾರ ಚಕ್ರದ ಮೇಲೆ ಕೂತಮೇಲೆ ಬಿಗೀಬೇಕು. ಕೆಳಗಿಳಿಸಿದ ಕೂಡ್ಲೇ ರಬ್ಬರ್ ತಿರುಚಿಕೊಂಡು ಹರಿದಿದೆ. ಇಬ್ರಿಗೂ ಗೊತ್ತಿರೋ ವಿಷ್ಯ, ಆ ಅವಸರದಲ್ಲಿ ಮರೆತ್ವಲ್ಲೋ!"

ಇಬ್ಬರೂ ನನ್ನ ಕಡೆ ನೋಡಿದರು. ನಾನೇಕೆ ತಲೆ ತಗ್ಗಿಸಲಿ?

"ಏನ್ ನೋಡ್ತೀರಾ? ಇನ್ನೊಂದು ಸೆಟ್ ಇದೆಯಲ್ಲ. ರಾಹುಕಾಲಾನೂ ಮುಗೀತು. ಏಳಿ!"

ಸಂಜೆ ಮನೆಯಲ್ಲಿ ಹೊಸ ಬುಷ್ ಹಾಕಿ, ಕಾರನ್ನು ದಪ್ಪ ಹಲಗೆಗಳ ಮೇಲೆ ಹತ್ತಿಸಿ ನಿಲ್ಲಿಸಿದರು. ಭಾರಕ್ಕೆಂದು ಹಿಂದಿನ ಸೀಟಿನಲ್ಲಿ ನಾನು, ಮುಂದಿನದರಲ್ಲಿ ಗುರುಬಸಪ್ಪ ಕೂತೆವು. ಇಷ್ಟು ವರ್ಷ ಬೆಣ್ಣೆ ದೋಸೆ ತಿಂದು ಬೆಳೆಸಿದ ಮೈ ಅಂತೂ ಒಂದು ಕೆಲಸಕ್ಕೆ ಬಂತು.

"ಅತ್ತಿಗೆ, ಸುರಭೀನ ಆಸ್ಪತ್ರೆಯಿಂದ ಕರ್ಕೊಂಡ್ ಬಂದಿದ್ದು ಇದೇ ಸೀಟಲ್ಲಲ್ವಾ?" ಎಂದರು ಗುರುಬಸಪ್ಪ.

"ಹೂಂ. ಇವ್ರು ಅವತ್ತು ಹಸುಗೂಸು ಮಗಳು ಎದ್ದುಬಿಡ್ತಾಳೆ ಅಂತ ದಾರಿಯುದ್ದಕ್ಕೂ ಹಾರ್ನೇ ಹೊಡೀಲಿಲ್ಲ."

ಅಡಿಯಿಂದ ಇವರು ನಕ್ಕದ್ದು ಕೇಳಿಸಿತು. ಬಾಗಿಲು ತೆರೆದು ಬಗ್ಗಿ ನೋಡಿದೆ. ಟಾರ್ಚು ಪಕ್ಕದಲ್ಲೇ ಉರಿಯುತ್ತಿದ್ದರೂ ಬೋಲ್ಟು ಎಲ್ಲಿದೆ ಎಂದು ಬೆರಳಲ್ಲಿ ತಡವಿ ಹುಡುಕುತ್ತಿದ್ದರು. ಸೀಟಿಗೆ ಒರಗಿ ಕಣ್ಣು ಒರೆಸಿಕೊಂಡೆ.

ಭಾನುವಾರ ರನ್‌ವೇಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಬಾವುಟ ಬೀಸುವ ಹುಡುಗಿ ಪಕ್ಕದಲ್ಲಿ ನಿಂತಿದ್ದಳು. ಇವರಿಗೆ ಅವಳು ಕಾಣುವಂತಿರಲಿಲ್ಲ. ಎಡಗಡೆ ಕೂತ ಗುರುಬಸಪ್ಪ ಅವಳನ್ನೇ ನೋಡುತ್ತಿದ್ದು, ಬಾವುಟ ಇಳಿದ ಕೂಡಲೇ "ಹೋಗೋ ಸೀನು!" ಎಂದು ಕಿರುಚಿದ್ದು ಬೇಲಿಯಾಚೆ ನಿಂತ ನನಗೂ ಕೇಳಿಸಿತು.

ಕಾರು ಹೋಯಿತು. ಹಿಂಭಾಗ ಒಂದಿಷ್ಟು ಕೂತು, ಎರಡೂ ಚಕ್ರ ನೆಲ ಕಚ್ಚಿಕೊಂಡು, ನೆಟ್ಟಗೆ ಹೋಯಿತು. ಒಂದೇ ಒಂದು ಸಲವೂ ಕುಪ್ಪಳಿಸಲಿಲ್ಲ. ಯಾರೂ ನಗಲಿಲ್ಲ. ನಾನು ಈ ವಯಸ್ಸಿನಲ್ಲಿ ಚಪ್ಪಲಿ ಬಿಟ್ಟು ಓಡಿದೆ, ಅಳುತ್ತಲೇ ಓಡಿದೆ.

ಹತ್ತಿರ ಹೋಗುವಷ್ಟರಲ್ಲಿ ಇವರು ಇಂಜಿನ್ ಆರಿಸಿ ಇಳಿದಿದ್ದರು. ಇನ್ನೊಂದು ಸಲ ಓಡಿಸಲು ಸರದಿ ಇತ್ತು. ಬೇಡ ಎಂದರು. ಗುರುಬಸಪ್ಪನವರನ್ನು ಹಿಂದಿನ ಸೀಟಿಗೆ ಕಳಿಸಿ, ತಾವು ಎಡಗಡೆ ಕೂತು, ಕೀಲಿಕೈ ನನ್ನ ಕಡೆ ಚಾಚಿದರು.

ನಿವೃತ್ತಿಯವರೆಗೂ ಬ್ಯಾಂಕಿನ ಕೆಲಸಕ್ಕೆ ನನ್ನದೇ ಪುಟ್ಟ ಕಾರಿನಲ್ಲಿ ಹೋಗಿ ಬಂದವಳು ನಾನು. ಈ ಫಿಯೆಟ್ಟಿನ ಸ್ಟೀರಿಂಗ್ ಮಾತ್ರ ಮುಟ್ಟಿರಲಿಲ್ಲ. ಗೇರ್ ಹಾಕಿ ಮೆಲ್ಲಗೆ ಹೊರಟೆ. ಹೊಸ ಬುಷ್ಷಿನ ಗಡಸಿಗೆ ದಾರಿಯ ಕಲ್ಲುಕಲ್ಲೂ ಸೊಂಟಕ್ಕೆ ತಾಗುತ್ತಿತ್ತು. ಬೊಮ್ಮನಹಳ್ಳಿ ದಾಟಿದರೂ ಇವರು ನನ್ನ ಕಡೆಗೇ ತಿರುಗಿ ಕೂತಿದ್ದರು.

"ಏನ್ರೀ ಅದು, ನನ್ನ ಮುಖ ನೋಡ್ತಾ? ರಸ್ತೆ ನೋಡ್ರೀ!" ಎಂದು ಗದರಿದೆ.

"ರಸ್ತೆ ನೋಡೋಕೆ ನೀನಿದ್ದೀಯಲ್ಲ" ಎಂದರು. "ಕಾಣೋವಷ್ಟು ದಿನ ನಾನು ನಿನ್ನ ನೋಡ್ತೀನಿ."